ಇಸ್ತ್ರಿ ಕೆಡದ ಮೊಣಕಾಲು

ನವೆಂಬರ್ 7, ಮಂಗಳವಾರ

ಇವತ್ತು ಬೆಳಿಗ್ಗೆ ಅಪ್ಪನ ಗೆಳೆಯ ಟ್ರೆವರ್ ಅಂಕಲ್ ಪ್ಯಾಂಟಿನ ಇಸ್ತ್ರಿ ಗೆರೆ ಮೊಣಕಾಲಿನ ಮೇಲೂ ನೆಟ್ಟಗೆ ನಿಂತಿತ್ತು. ಅಮ್ಮ ಇದ್ದಾಗ ಅವರು ಬಂದರೆ ಕುರ್ಚಿಗೆ ಹಳೆಯ ಪೇಪರ್ ಹಾಸುತ್ತಿದ್ದಳು. ಗ್ಯಾಸ್ ಕೆಲಸದವರು ದಿನವಿಡೀ ಮಂಡಿಯೂರಿ ಇರುವವರು, ಯಾರ್ಯಾರ ಮನೆಯ ಮಸಿಯೋ ಅವರ ಮೊಣಕಾಲಿನ ಮೇಲೆ ನಮ್ಮ ಮನೆಗೆ ಬರುತ್ತದೆ ಎನ್ನುತ್ತಿದ್ದಳು. ಇವತ್ತು ಪೇಪರ್ ಬೇಕಿರಲಿಲ್ಲ.

ಬಾಗಿಲ ಗಂಟೆ ಬಾರಿಸಿದಾಗ ನಾನು ಎಂದಿನಂತೆ ಮೆಟ್ಟಿಲ ಮೇಲೆ ನಿಂತು ಅಪ್ಪ ಬಾಗಿಲು ತೆಗೆಯಲಿ ಎಂದು ಕಾದೆ. ಒಂಬತ್ತಕ್ಕೆ ಬಂದ ಟ್ರೆವರ್ ಅಂಕಲ್ ಹನ್ನೊಂದೂವರೆಯವರೆಗೆ ಅಡುಗೆಮನೆಯ ಮೇಜು ಬಿಟ್ಟು ಏಳಲಿಲ್ಲ. ಹೊರಗೆ ಜೋರು ಮಳೆ. ಕಾರ್ಡರ್ ಬೀದಿಯಲ್ಲಿ ಅಪ್ಪ ಬಾಡಿಗೆಗೆ ಕೊಟ್ಟಿರುವ ನಾಲ್ಕು ಮನೆಗಳಿಗೆ ವರ್ಷದ ಗ್ಯಾಸ್ ತಪಾಸಣೆ ಇವತ್ತೇ. "ಮಂಗಳವಾರ ಒಂಬತ್ತರಿಂದ ಹನ್ನೆರಡರೊಳಗೆ ದಯವಿಟ್ಟು ಮನೆಯಲ್ಲಿರಿ" ಎಂದು ಬಾಡಿಗೆದಾರರಿಗೆ ಪತ್ರ ಬರೆದವಳು ನಾನೇ. ನಾನು ಎರಡು ಸಲ ಚಹಾ ಮಾಡಿದೆ, ಬೇಕನ್ ಸ್ಯಾಂಡ್‌ವಿಚ್ ಮಾಡಿದೆ.

"ಪುಟ್ಟಿ, ಹೋದ ವರ್ಷದ ಫೈಲ್ ಸ್ವಲ್ಪ ಕೊಡು" ಎಂದರು. ಕೊಟ್ಟೆ. ಅದನ್ನು ಎಡಗಡೆ ಇಟ್ಟುಕೊಂಡು, ಬಲಗಡೆ ಹೊಸ ಫಾರಂಗಳನ್ನು ತುಂಬಿದರು. ಎಂಥ ಅಚ್ಚುಕಟ್ಟಾದ ಅಕ್ಷರ ಅವರದು. ಮನೆಗಳಿಗೆ ಊಟವಾದ ಮೇಲೆ ಹೋಗುತ್ತಾರೆ ಅಂದುಕೊಂಡೆ. ಆದರೆ ಭಾನುವಾರದ ಯುದ್ಧಸ್ಮರಣೆಗೆ ತಾವು ಕಹಳೆ ನುಡಿಸುವ ಬ್ಯಾಂಡಿನ ಅಭ್ಯಾಸ ಇದೆ ಎಂದು ಅಲ್ಲಿಂದಲೇ ಹೊರಟರು. ಬೆಳಗಾಗುವ ಮುಂಚೆಯೇ ನೋಡಿ ಬಂದಿದ್ದರೋ ಏನೋ. ದೊಡ್ಡವರ ವ್ಯವಹಾರ.

ನನಗೆ ಸಿಟ್ಟು ಬಂದಿದ್ದು ಬೇರೆ ಕಾರಣಕ್ಕೆ. ಅಪ್ಪ ಅವರ ಮುಂದೆ ಹೇಳಿದ, "ಮೂರು ವರ್ಷ ಕಥೆ ಪುಸ್ತಕ ಓದಿ ಡಿಗ್ರಿ ತಗೊಂಡ್ಲು ಕಣೋ ಇವಳು. ಈಗ ನನ್ನ ಲಕೋಟೆಗೆ ಸ್ಟ್ಯಾಂಪ್ ನೆಕ್ಕಿ ಅಂಟಿಸ್ತಾಳೆ."

ಟ್ರೆವರ್ ಅಂಕಲ್ ನಕ್ಕರು. "ಬಿಡೋ ನಾರ್ಮನ್, ನಿನ್ನ ಸ್ಪೆಲಿಂಗ್ ಮರ್ಯಾದೆ ಉಳಿಸ್ತಿದಾಳೆ ಅವಳು."

ಮುಖ ಉರಿಯಿತು. ಕೋಣೆಗೆ ಬಂದ ಮೇಲೆ ಮೂರು ಒಳ್ಳೆಯ ಉತ್ತರಗಳು ಹೊಳೆದವು. ಒಂದೂ ಮೆಟ್ಟಿಲಿಳಿದು ಕೆಳಗೆ ಹೋಗಲಿಲ್ಲ.

ನವೆಂಬರ್ 9, ಗುರುವಾರ

ಫಾರಂಗಳನ್ನು ಫೈಲಿಗೆ ಹಾಕುವಾಗ ನೋಡಿದೆ. ಹದಿನಾಲ್ಕನೇ ನಂಬರ್ ಮನೆಯಲ್ಲಿ ಕೋಣೆ ಬಿಸಿಮಾಡುವ ಗ್ಯಾಸ್ ಒಲೆ ಮತ್ತು ಅದರ ಹಿಂದೆ ನೀರು ಕಾಯಿಸುವ ಬಾಯ್ಲರಿನ ಅಳತೆಗಳು ಮೂರು ವರ್ಷದಿಂದ ಒಂದೇ. ದಶಾಂಶದ ಆಚೆಯ ಅಂಕಿಗಳೂ ಒಂದೇ. ಕಾಲೇಜಿನಲ್ಲಿ ನಮಗೆ ಕಲಿಸಿದ್ದು, ಒಂದೇ ಸಾಲು ಮತ್ತೆ ಮತ್ತೆ ಬಂದರೆ ಬರೆದವನಿಗೆ ಏನೋ ಉದ್ದೇಶವಿದೆ ಎಂದು.

"ಅಪ್ಪ, ಹದಿನಾಲ್ಕರ ಅಳತೆ ಮೂರು ವರ್ಷದಿಂದ ಬದಲಾಗಿಲ್ಲ."

"ಗಟ್ಟಿ ಯಂತ್ರ. ಹಳೇ ಕಾಲದ್ದು."

"ದಶಾಂಶ ಕೂಡಾ?"

"ಕವಿತೆ ಓದ್ದಂಗೆ ಓದ್ಬೇಡ ಅದನ್ನ. ಫೈಲಿಗೆ ಹಾಕು."

ಹಾಕಿದೆ.

ನವೆಂಬರ್ 13, ಸೋಮವಾರ

ಗ್ರಂಥಾಲಯದ ಕೆಲಸ ಸಿಗಲಿಲ್ಲ. ಸಂದರ್ಶನದಲ್ಲಿ "ಸ್ವಲ್ಪ ಜೋರಾಗಿ ಹೇಳ್ತೀರಾ" ಎಂದು ಎರಡು ಸಲ ಕೇಳಿದ್ದರು. ಗ್ರಂಥಾಲಯದಲ್ಲಿ ಜೋರಾಗಿ ಮಾತಾಡುವವರು ಅವರಿಗೆ ಯಾಕೆ ಬೇಕು? ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯದ ಸಿಟ್ಟು.

ನಿನ್ನೆ ಸ್ಮಾರಕದ ಮುಂದೆ ಬ್ಯಾಂಡು ನುಡಿಸಿತು. ಮುಗಿದ ಮೇಲೆ ಟ್ರೆವರ್ ಅಂಕಲ್‌ಗೆ ಕುರ್ಚಿಯಿಂದ ಏಳಲಾಗಲಿಲ್ಲ. ಇಬ್ಬರು ಕಂಕುಳಿಗೆ ಕೈ ಹಾಕಿ ಎತ್ತಿದರು. "ಕಹಳೆ ಭಾರ ಜಾಸ್ತಿಯಾಯ್ತು ಕಣ್ರೋ" ಎಂದು ನಗಿಸಿದರು. ಅಮ್ಮನನ್ನು ಮಣ್ಣು ಮಾಡಿದ ದಿನ ಆಲಿಕಲ್ಲು ಬೀಳುತ್ತಿದ್ದರೂ ಅವರು ನಿಂತೇ ನುಡಿಸಿದ್ದರು.

ನವೆಂಬರ್ 17, ಶುಕ್ರವಾರ

ಆಗಿದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ತಪಾಸಣೆಯ ಪ್ರತಿಯನ್ನು ಬಾಡಿಗೆದಾರರಿಗೆ ಇಪ್ಪತ್ತೆಂಟು ದಿನದೊಳಗೆ ತಲುಪಿಸಬೇಕು, ಅದು ಕಾನೂನು. ನಡೆದು ಹೋಗಿ ಕೊಟ್ಟು ಬಾ ಎಂದ ಅಪ್ಪ. ಲಕೋಟೆ ಹುಡುಕಲು ಅವನ ಡ್ರಾಯರ್ ತೆಗೆದರೆ, ಗ್ಯಾಸ್ ಸರಿಯಾಗಿ ಉರಿಯದಾಗ ಹುಟ್ಟುವ ವಿಷಗಾಳಿ ಪತ್ತೆ ಹಚ್ಚುವ ಬಿಳಿ ಡಬ್ಬಿಯೊಂದು ಪ್ಯಾಕೆಟ್ ಒಡೆಯದೆ ಬಿದ್ದಿತ್ತು. ಮೇಲೆ ಅಪ್ಪನ ಅಕ್ಷರದಲ್ಲಿ "14, ಟ್ರೆವರ್ ಹಾಕ್ತಾನೆ" ಎಂದಿತ್ತು. ಇಂಥ ಬಾಡಿಗೆ ಮನೆಗಳಲ್ಲಿ ಇದು ಇರಲೇಬೇಕೆಂದು ಹೋದ ವರ್ಷವೇ ನಿಯಮ ಬಂದಿದೆ. ಹೇಗೂ ಹೋಗುತ್ತಿದ್ದೇನಲ್ಲ ಎಂದು ಚೀಲಕ್ಕೆ ಹಾಕಿಕೊಂಡೆ.

ಹದಿನಾಲ್ಕರಲ್ಲಿರುವವಳು ಕೆರಿಸ್. ನನ್ನ ವಯಸ್ಸಿನವಳೇ, ಸೂಪರ್‌ಮಾರ್ಕೆಟ್ ಕೌಂಟರಿನಲ್ಲಿ ಕೆಲಸ. ಈಗ ಹೆರಿಗೆ ರಜೆ, ಏಳು ತಿಂಗಳ ಮಗು ಮೇಬಲ್ ಜೊತೆ ದಿನವಿಡೀ ಮನೆಯಲ್ಲೇ. ಬಾಗಿಲು ತೆಗೆದವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಓ, ಯಜಮಾನ್ರ ಮಗಳು. ಹತ್ತು ದಿನ ಲೇಟಾಗಿ ಬಂದ್ರಲ್ಲ."

"ಏನು?"

"ಆ ಮಂಗಳವಾರ ನಿಮ್ಮ ಗ್ಯಾಸಿನೋರಿಗೆ ಕಾದು ಕಾದು, ಪಾಪು ತೂಕ ನೋಡ್ಸೋಕೂ ಹೋಗ್ಲಿಲ್ಲ ನಾನು."

"ಯಾರೂ ಬರಲಿಲ್ಲವಾ?"

"ಪೋಸ್ಟ್‌ಮ್ಯಾನ್ ಬಂದಿದ್ದ. ಅವನ ಕೈಲೇ ಬಾಯ್ಲರ್ ನೋಡಿಸ್ಬಿಡ್ಬೇಕಿತ್ತೋ ಏನೋ."

ಎಲ್ಲ ಚೌಕಕ್ಕೂ ಸರಿ ಗುರುತು ಹಾಕಿದ ಕಾಗದ ನನ್ನ ಕೋಟಿನ ಜೇಬಿನಲ್ಲಿತ್ತು. ಹೊರಗೆ ತೆಗೆಯಲಿಲ್ಲ. ಡಬ್ಬಿ ಹಾಕಲು ಬಂದೆ ಎಂದೆ. ಒಳಗೆ ಕರೆದಳು.

ಮುಂಭಾಗದ ಕೋಣೆಯ ಕಿಟಕಿ ಗಾಜಿನಿಂದ ನೀರು ಇಳಿಯುತ್ತಿತ್ತು. ಗೋಡೆಯೊಳಗಿನ ಗ್ಯಾಸ್ ಒಲೆಯ ಉರಿ ನೀಲಿಯಾಗಿರಲಿಲ್ಲ. ಹಳದಿಯಾಗಿ, ಸೋಮಾರಿಯಂತೆ ತೂಗಾಡುತ್ತಿತ್ತು. ಅದರ ಮೇಲಿನ ಗೋಡೆಗೆ ನಾಲಿಗೆಯಾಕಾರದ ಮಸಿ.

"ಚಹಾ ಮಾಡ್ತೀನಿ ಕೂತ್ಕೊಳ್ಳಿ. ನನಗೂ ಬೇಕು, ತಲೆ ಸಿಡೀತಿದೆ. ಡಾಕ್ಟ್ರು ನಿದ್ದೆ ಸಾಲ್ದು ಅಂತಾರೆ. ತಮಾಷೆ ಅಂದ್ರೆ ಅಂಗಡಿಗೆ ಹೋದ್ರೆ ಸರಿಹೋಗತ್ತೆ. ಮನೆಲಿರೋಕೆ ಹುಟ್ಟಿದೋಳಲ್ಲ ನಾನು." ತೊಟ್ಟಿಲ ಕಡೆ ನೋಡಿದಳು. "ಇವಳು ಮಾತ್ರ ಈಚೆಗೆ ಎಷ್ಟು ಒಳ್ಳೆಯವಳಾಗಿದಾಳೆ ನೋಡಿ. ಅಳೋದೇ ಇಲ್ಲ. ಬರೀ ನಿದ್ದೆ."

ಡಬ್ಬಿಗೆ ಬ್ಯಾಟರಿ ಹಾಕಿ ಕಪಾಟಿನ ಮೇಲಿಟ್ಟೆ. ಪುಟ್ಟ ಪರದೆಯ ಮೇಲೆ ಸೊನ್ನೆ ಬರಬೇಕು ಎಂದು ಪ್ಯಾಕೆಟ್ಟಿನ ಮೇಲೆ ಬರೆದಿತ್ತು. ಮೂವತ್ತು ಬಂತು. ಅರವತ್ತು. ಚಹಾ ಅರ್ಧ ಕುಡಿಯುವಷ್ಟರಲ್ಲಿ ನೂರ ನಲವತ್ತು, ಆಮೇಲೆ ಡಬ್ಬಿ ಕಿರುಚತೊಡಗಿತು. ಅಷ್ಟು ಸದ್ದಿಗೂ ಮಗು ಎಚ್ಚರಗೊಳ್ಳಲಿಲ್ಲ.

"ಮಗು ಎತ್ಕೋ. ಹೊರಗೆ ನಡಿ. ಚಪ್ಪಲಿ ಬೇಡ, ನಡಿ" ಎಂದೆ. ಅಷ್ಟೇನೂ ಪರಿಚಯವಿಲ್ಲದವಳನ್ನು ಏಕವಚನದಲ್ಲಿ ಕರೆದುಬಿಟ್ಟೆ. ಕ್ಷಮೆ ಕೇಳಲು ಮರೆತೆ. ಮೀಟರಿನ ಪಕ್ಕದ ಹಿಡಿ ತಿರುಗಿಸಿ ಗ್ಯಾಸ್ ನಿಲ್ಲಿಸಿದೆ, ಬಾಗಿಲು ಪೂರ್ತಿ ತೆರೆದಿಟ್ಟೆ, ಪಕ್ಕದ ಮನೆಯವರ ಹೊಸ್ತಿಲಿನಿಂದ ಫೋನ್ ಮಾಡಿದೆ. ಆಂಬುಲೆನ್ಸ್ ಬಂದು ಇಬ್ಬರನ್ನೂ ಕರೆದುಕೊಂಡು ಹೋಯಿತು. ಮೇಬಲ್ ಮುಖಕ್ಕೆ ಆಮ್ಲಜನಕದ ಮುಖವಾಡ ದೊಡ್ಡದಾಗಿತ್ತು. ಕೈಯಲ್ಲಿ ಒತ್ತಿ ಹಿಡಿದಿದ್ದರು.

ಗ್ಯಾಸಿನ ತುರ್ತುಸೇವೆಯಿಂದ ಕುಳ್ಳಗಿನ ಹೆಂಗಸೊಬ್ಬಳು ಬಂದಳು. ಬಂದವಳೇ ಮಂಡಿಯೂರಿದಳು. ಸೋಫಾ ಎಳೆದಳು. ನೆಲದ ಪಕ್ಕ ಗೋಡೆಯಲ್ಲಿದ್ದ ಗಾಳಿಕಿಂಡಿಗೆ ಮಗುವಿನ ಹಳೆಯ ಹೊದಿಕೆ ತುರುಕಿ ಟೇಪ್ ಹಚ್ಚಿತ್ತು. ಚಳಿಗೆ ಎಲ್ಲರೂ ಮಾಡುವ ಕೆಲಸ. ಬಾಗಿ ನೋಡಿದ್ದರೆ ಕಾಣುತ್ತಿತ್ತು. ಆಮೇಲೆ ಒಲೆ ಬಿಚ್ಚಿ ಚಿಮಣಿಯೊಳಗೆ ಕೈ ಹಾಕಿದಳು. ಕಡ್ಡಿ, ಮಣ್ಣು, ಗರಿ, ಮಸಿ ಬಕೆಟ್‌ಗಟ್ಟಲೆ ಬಿದ್ದವು.

"ಆ ಬಟ್ಟೆ ಒಂದು ತಿಂಗಳದ್ದು. ಈ ಗೂಡು ಏನಿಲ್ಲ ಅಂದ್ರೂ ಎರಡು ವರ್ಷದ್ದು. ಬಟ್ಟೆ ಇಲ್ದಿದ್ರೂ ಇದೊಂದೇ ಸಾಕಿತ್ತು. ಕೊನೇ ತಪಾಸಣೆ ಯಾವಾಗ ಆಯ್ತು?"

"ಏಳನೇ ತಾರೀಖು."

"ಯಾವ ತಿಂಗಳು?"

"ಇದೇ ತಿಂಗಳು."

ಕಾಗದ ಕೇಳಿದಳು. ಕೊಟ್ಟೆ. ಓದಿದಳು, ನನ್ನನ್ನು ನೋಡಿದಳು, ಫೋಟೋ ತೆಗೆದುಕೊಂಡಳು. "ಇವನು ಯಾವ ಮನೆ ನೋಡಿದ್ನಮ್ಮಾ?"

ನನಗೆ ಗೊತ್ತಿಲ್ಲ, ಅಪ್ಪನನ್ನು ಕೇಳಬೇಕು ಎಂದೆ.

ಬಳಸಬೇಡಿ ಎಂಬ ಕೆಂಪು ಚೀಟಿಯನ್ನು ಒಲೆಗೆ ಕಟ್ಟಿ ಎದ್ದಳು. ಅವಳ ಎರಡೂ ಮೊಣಕಾಲು ಇದ್ದಲಿನಷ್ಟು ಕಪ್ಪಾಗಿದ್ದವು.

ನವೆಂಬರ್ 18, ಶನಿವಾರ

ಇಬ್ಬರೂ ಉಳಿದರು. ಇನ್ನೊಂದು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುತ್ತಾರಂತೆ.

ಅಪ್ಪ ಮೊದಲು ಕೇಳಿದ್ದು ಮಗು ಹೇಗಿದೆ ಎಂದು. ಅದನ್ನು ನಾನು ಬರೆಯಲೇಬೇಕು, ಇಲ್ಲವಾದರೆ ಅನ್ಯಾಯವಾಗುತ್ತದೆ. ಆದರೆ ಎರಡನೆಯ ಮಾತು, "ಕಿಂಡಿಗೆ ಬಟ್ಟೆ ತುರುಕಿದ್ದು ನಾನಾ?"

"ಚಿಮಣಿಯಲ್ಲಿ ಗೂಡಿತ್ತು."

"ಹಕ್ಕಿಗೆ ನಾನು ಹೇಳಿ ಕಳಿಸಿದ್ನಾ?"

"ಟ್ರೆವರ್ ಆ ಮನೆಗೆ ಹೋಗಲೇ ಇಲ್ಲ."

"ಟ್ರೆವರ್ ಅಂಕಲ್ ಅನ್ನು."

ಅನ್ನಲಿಲ್ಲ. ಅವನು ನಮ್ಮ ಮೇಜಿನ ಮುಂದೆ ಕೂತು, ನಾನು ಕೊಟ್ಟ ಚಹಾ ಕುಡಿಯುತ್ತಾ, ನಾನು ಕೊಟ್ಟ ಫೈಲ್ ನೋಡಿ, ಏಳು ತಿಂಗಳ ಮಗುವಿನ ಕೋಣೆ ಸುರಕ್ಷಿತ ಎಂದು ಸಹಿ ಹಾಕಿದ. ಚಿಮಣಿ ಸರಿ, ಕಿಂಡಿ ಸರಿ, ಉರಿ ಸರಿ. ಸರಿ, ಸರಿ, ಸರಿ. ಎಷ್ಟು ಅಚ್ಚುಕಟ್ಟಾದ ಅಕ್ಷರ ಎಂದು ನಾನು ಮೆಚ್ಚಿಕೊಂಡೆ. ಮೆಚ್ಚಿ ಇಲ್ಲಿ ಬರೆದೂ ಇಟ್ಟೆ. ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತಿದೆ.

ಮಧ್ಯಾಹ್ನ ಅಪ್ಪ ಕೆರಿಸ್‌ಗೆ ಪತ್ರ ಬರೆಯಬೇಕೆಂದ. ಗಾಳಿಕಿಂಡಿ ಮುಚ್ಚಿದ್ದು ಬಾಡಿಗೆ ಕರಾರಿನ ಉಲ್ಲಂಘನೆ, ಅದರಿಂದಾದ ಅಪಾಯಕ್ಕೆ ನೀವೇ ಹೊಣೆ ಎಂದು. ಅವನು ಹೇಳಿದ, ನಾನು ಟೈಪ್ ಮಾಡಿದೆ. ಒಂದು ವಾಕ್ಯ ತೊಡಕಾಗಿತ್ತು, ಸರಿಪಡಿಸಿದೆ. ಹೇಳಿದ್ದನ್ನು ಟೈಪ್ ಮಾಡುವುದು ಬೆರಳಿಗೆ ಅಭ್ಯಾಸವಾಗಿದೆ, ಅಷ್ಟೇ.

ನವೆಂಬರ್ 21, ಮಂಗಳವಾರ

ಗಂಟೆ ಬಾರಿಸಿದಾಗ ನಾನೇ ಅಡುಗೆಮನೆಯಲ್ಲಿದ್ದೆ, ಓಡಲು ಜಾಗವಿರಲಿಲ್ಲ. ಟ್ರೆವರ್ ಅಂಕಲ್ ಬಂದರು. ಚಹಾ ಬೇಕೇ ಎಂದು ನಾನು ಕೇಳಲಿಲ್ಲ. ಅವರೂ ಕೇಳಲಿಲ್ಲ.

"ಎರಡು ವರ್ಷ ಆಯ್ತು ಪುಟ್ಟಿ, ಮಂಡಿಯೂರಿದ್ರೆ ಏಳೋಕಾಗಲ್ಲ. ಒಂದ್ಸಲ ಯಾರದೋ ಮನೇಲಿ ಒಲೆ ಮುಂದೆ ಅರ್ಧ ಗಂಟೆ ಹಾಗೇ ಕೂತಿದ್ದೆ. ಆ ಮನೆ ಅಜ್ಜಿ ಪ್ರಾರ್ಥನೆ ಮಾಡ್ತಿದೀನಿ ಅಂದ್ಕೊಂಡ್ರಂತೆ." ನಗಲು ನೋಡಿದರು. "ಮಾರ್ಚಿಗೆ ನಿವೃತ್ತಿ. ಅಲ್ಲೀವರೆಗೆ ತಳ್ಳೋಣ ಅಂತ."

"ಬೇರೆ ಯಾರನ್ನಾದರೂ ಕಳಿಸಬಹುದಿತ್ತು."

"ನಲವತ್ತು ವರ್ಷ ಮಾಡಿದ ಕೆಲಸ ಕಣೇ. ಆಗಲ್ಲ ಅಂತ ಬಾಯಿಬಿಟ್ಟು ಹೇಳೋದು ಹೇಗೆ?"

"ಬಾಯಿ ಬಿಟ್ಟೇ ಹೇಳಬೇಕಿತ್ತು. ಮಗುವಿಗೆ ಮುಖವಾಡ ದೊಡ್ಡದಾಗಿತ್ತು, ಒತ್ತಿ ಹಿಡಿದಿದ್ದರು. ಅದನ್ನು ನೀವು ನೋಡಲಿಲ್ಲ."

ಅವರು ಮೇಜು ನೋಡಿದರು. ಅಪ್ಪ ಎದ್ದು ನಿಂತ.

"ಸಾಕು. ಇಪ್ಪತ್ತೆಂಟನೇ ತಾರೀಖು ಹತ್ತು ಗಂಟೆಗೆ ಸುರಕ್ಷತಾ ಇಲಾಖೆಯೋರು ಬರ್ತಾರೆ. ಟ್ರೆವರ್ ಹೋದ, ಅವಳು ಮನೇಲಿರ್ಲಿಲ್ಲ, ನನ್ನ ಕೀಲಿಯಿಂದ ತೆಗೆದ, ಆಗ ಕಿಂಡಿ ತೆರೆದಿತ್ತು, ಚಿಮಣೀಲಿ ಹೊಗೆ ಸರಿಯಾಗಿ ಏರ್ತಿತ್ತು. ನಾವಿಬ್ಬರೂ ಅಷ್ಟೇ ಹೇಳೋದು. ನೀನು ಏನೂ ಹೇಳ್ಬೇಕಾಗಿಲ್ಲ." ಆಮೇಲೆ, ಸಮಾಧಾನ ಮಾಡುವವನ ಹಾಗೆ, "ನಿನಗೇನು ಕಷ್ಟ? ನೀನು ಹೇಗೂ ಮಾತಾಡೋಳಲ್ಲ."

ಕೈಯಲ್ಲಿದ್ದ ಲೋಟವನ್ನು ಸಿಂಕಿಗೆ ಇಟ್ಟೆ. ಸ್ವಲ್ಪ ಜೋರಾಗಿ ಇಟ್ಟೆನೇನೋ, ಹಿಡಿ ಮುರಿಯಿತು. ಅಮ್ಮನ ಲೋಟ. ಅದಕ್ಕೂ ಸಿಟ್ಟು.

ನವೆಂಬರ್ 24, ಶುಕ್ರವಾರ

ಕೆರಿಸ್ ಈಗ ಅಕ್ಕನ ಮನೆಯಲ್ಲಿದ್ದಾಳೆ. ವಿಳಾಸ ಕೇಳಲು ಸೂಪರ್‌ಮಾರ್ಕೆಟ್ಟಿಗೆ ಹೋಗಿದ್ದೆ. ಮೂರು ಕೌಂಟರಿನವರನ್ನು ಕೇಳಬೇಕಾಯಿತು. ಬಸ್ಸಿನಲ್ಲಿ ಹೋದೆ. ಪಾರ್ಕಿನ್ ಕೇಕ್ ತೆಗೆದುಕೊಂಡು ಹೋಗಿದ್ದೆ. ಎಂಥ ಮೂರ್ಖತನ, ಆಗಿದ್ದಕ್ಕೆ ಶುಂಠಿ ಕೇಕು.

ಮೇಬಲ್ ಅಳುತ್ತಿದ್ದಳು. ಕೆಂಪಗೆ, ಕಾಲು ಝಾಡಿಸುತ್ತಾ, ಮನೆ ಹಾರಿಹೋಗುವ ಹಾಗೆ. ಅಷ್ಟು ಚಂದದ ಸದ್ದು ಈ ತಿಂಗಳಲ್ಲಿ ಕೇಳಿರಲಿಲ್ಲ.

ಕೆರಿಸ್ ಮುಖದಲ್ಲಿ ಹೋದ ವಾರದ ಕೊಂಕು ಒಂದು ಚೂರೂ ಇರಲಿಲ್ಲ. "ಮಕ್ಕಳ ರಕ್ಷಣೆಯೋರು ಬಂದಿದ್ರು ಕಣೇ. ಹೊದಿಕೆ ಯಾಕೆ ತುರುಕಿದೆ, ಯಾವತ್ತು ತುರುಕಿದೆ, ಮಗು ಎಚ್ಚರ ಆಗ್ದಿದ್ರೂ ಯಾಕೆ ಗಮನಿಸ್ಲಿಲ್ಲ, ಎಲ್ಲ ಬರ್ಕೊಂಡ್ರು. ಮತ್ತೆ ಬರ್ತಾರಂತೆ. ಬರ್ಕೊಳ್ಳಲಿ ಬಿಡು. ನಾನೇ ಅಲ್ವಾ ತುರುಕಿದ್ದು? ಅವಳದೇ ಹೊದಿಕೆ. ಚಳಿ ಆಗ್ಬಾರ್ದು ಅಂತ."

ಮೇಜಿನ ಮೇಲೆ ಪತ್ರ ಬಿಡಿಸಿಟ್ಟಿತ್ತು. "ಅದರಿಂದಾದ ಅಪಾಯಕ್ಕೆ ನೀವೇ ಹೊಣೆ." ಆ ವಾಕ್ಯವನ್ನು ಅವಳು ಪೆನ್ನಿನಿಂದ ಗೆರೆ ಎಳೆದು ಗುರುತು ಮಾಡಿದ್ದಳು, ಪರೀಕ್ಷೆಗೆ ಓದುವವರ ಹಾಗೆ. ನಾನು ಸರಿಪಡಿಸಿದ ವಾಕ್ಯ ಅದೇ. ಒಂದು ಅಕ್ಷರವೂ ತಪ್ಪಿಲ್ಲ.

"ಚಿಮಣಿಯಲ್ಲಿ ಗೂಡು ಇತ್ತು. ಎರಡು ವರ್ಷದ್ದು. ಬಟ್ಟೆ ಇಲ್ಲದಿದ್ದರೂ ಅದೊಂದೇ ಸಾಕಿತ್ತು ಅಂದರು."

ಮಗುವನ್ನು ತಟ್ಟುತ್ತಿದ್ದ ಕೈ ನಿಂತಿತು. "ಯಾರು ಅಂದ್ರು?"

"ಅವತ್ತು ಬಂದಿದ್ದ ಗ್ಯಾಸಿನವಳು. ನನಗೆ."

"ಒಂದು ವಾರದಿಂದ ನಿನಗೆ ಗೊತ್ತು."

"ಗೊತ್ತು."

"ನನ್ನ ಮಗೂನ ನಾನೇ ಸಾಯಿಸ್ತಿದ್ದೆ ಅಂತ ಒಂದು ವಾರದಿಂದ ನಾನು..." ಮುಗಿಸಲಿಲ್ಲ. ಪತ್ರ ಎತ್ತಿ ತೋರಿಸಿದಳು. "ಇದನ್ನ ಬರ್ದಿದ್ದು ನಿಮ್ಮಪ್ಪ ಅಲ್ಲ ಅಲ್ವಾ? ಅವರಿಗೆ ಇಷ್ಟು ನೆಟ್ಟಗೆ ಬರೆಯಕ್ಕೆ ಬರಲ್ಲ."

ತಲೆಯಾಡಿಸಿದೆ.

"ಆ ಗ್ಯಾಸಿನೋನು ಬಂದಿದ್ದ ಅಂತ ಹೇಳೋಕೆ ಅವನು, ನಿಮ್ಮಪ್ಪ ಇಬ್ಬರಿದಾರೆ. ಬರ್ಲಿಲ್ಲ ಅಂತ ಹೇಳೋಕೆ ನಾನೊಬ್ಳು, ಕಿಂಡಿ ಮುಚ್ಚಿದೋಳು. ಯಾರನ್ನ ನಂಬ್ತಾರೆ ಹೇಳು." ಬಾಗಿಲು ತೆಗೆದಳು. "ಕೇಕ್ ತಗೊಂಡ್ಹೋಗು."

ತಗೊಂಡು ಬಂದೆ. ಬಸ್ ನಿಲ್ದಾಣದಲ್ಲಿ ಒಂದು ತುಂಡು ತಿಂದೆ. ಅಪ್ಪನ ಮೇಲೆ, ಟ್ರೆವರ್ ಅಂಕಲ್ ಮೇಲೆ ಇಷ್ಟು ದಿನ ಬೈದು ಬರೆದಿದ್ದೆಲ್ಲ ನಿಜವೇ. ಆದರೆ ಆ ಪಟ್ಟಿಯಲ್ಲಿ ಚಹಾ ಮಾಡಿದವಳ ಹೆಸರು ಬಿಟ್ಟುಹೋಗಿತ್ತು.

ನವೆಂಬರ್ 27, ಸೋಮವಾರ

ನಾಳೆ ಬರುತ್ತಾರೆ. ಅಪ್ಪ ಬೆಳಿಗ್ಗೆಯಿಂದ ಅಡುಗೆಮನೆ ಒರೆಸಿದ. ಮೇಜನ್ನೂ ಸೋಪು ಹಾಕಿ ತೊಳೆದ. ಆಮೇಲೆ ನನ್ನನ್ನು ಕರೆದು, "ಆ ಮಂಗಳವಾರ ಏನಾಯ್ತು ಅಂತ ಕೇಳಿದ್ರೆ ನೆನಪಿಲ್ಲ ಅನ್ನು. ಸುಳ್ಳೇನಲ್ಲ, ಮೂರು ವಾರದ ಹಿಂದಿಂದು ಯಾರಿಗೆ ನೆನಪಿರತ್ತೆ?" ಎಂದ. ದನಿ ಮೆತ್ತಗಿತ್ತು. ಈ ತಿಂಗಳಲ್ಲಿ ಅವನಿಗೆ ವಯಸ್ಸಾಗಿದೆ.

ಮೇಲೆ ಬಂದು ಏಳನೇ ತಾರೀಖಿನ ಪುಟ ತೆಗೆದೆ. ಒಂಬತ್ತಕ್ಕೆ ಬಂದರು, ಹನ್ನೊಂದೂವರೆಯವರೆಗೆ ಮೇಜು ಬಿಟ್ಟು ಏಳಲಿಲ್ಲ. ಹೋದ ವರ್ಷದ ಫೈಲ್ ಕೇಳಿದರು. ಅಲ್ಲಿಂದಲೇ ಬ್ಯಾಂಡಿಗೆ ಹೋದರು. ಮೊಣಕಾಲಿನ ಮೇಲೆ ಇಸ್ತ್ರಿ ಗೆರೆ ನೆಟ್ಟಗಿತ್ತು. ಎಲ್ಲ ಇದೆ. ಯಾರಿಗೂ ಏನೂ ಆಗುವ ಮುಂಚೆ, ಯಾರ ಮೇಲೂ ಹಗೆಯಿಲ್ಲದೆ ಬರೆದದ್ದು. ನೆನಪಿಲ್ಲ ಎನ್ನಲು ನನಗೆ ದಾರಿಯಿಲ್ಲ.

ನಾಳೆ ಬರುವವರಿಗೆ ಆ ಪುಟ ಮಾತ್ರ ಹರಿದು ಕೊಡೋಣ ಎನ್ನಿಸಿತು. ಅಂಚಿಗೆ ಅಡಿಪಟ್ಟಿ ಕೂಡ ಇಟ್ಟೆ. ಆದರೆ ಬಿಡಿ ಹಾಳೆಯನ್ನು ಯಾರು ಬೇಕಾದರೂ ನಿನ್ನೆ ಕೂತು ಬರೆದಿರಬಹುದು. ಹಿಂದೆ ಮುಂದೆ ಉಳಿದ ದಿನಗಳು ಇದ್ದರೆ ಮಾತ್ರ ಅದನ್ನು ನಂಬುತ್ತಾರೆ. ಅಂದರೆ ಗ್ರಂಥಾಲಯದ ಸಂದರ್ಶನವನ್ನೂ ಅವರು ಓದುತ್ತಾರೆ. ಅಪ್ಪ ಏನೇನು ಅಂದ, ನಾನು ಅವನನ್ನು ಏನೇನು ಅಂದೆ, ಅಮ್ಮನ ಲೋಟ, ಟ್ರೆವರ್ ಅಂಕಲ್ ಕುರ್ಚಿಯಿಂದ ಏಳಲಾಗದ್ದು, ಪತ್ರ ಟೈಪ್ ಮಾಡಿದ ಬೆರಳು. ನನಗಲ್ಲದೆ ಬೇರೆಯವರಿಗೆಂದು ಒಂದು ಸಾಲನ್ನೂ ಇದರಲ್ಲಿ ಬರೆದವಳಲ್ಲ. ತಿದ್ದಿ ಬರೆಯೋಣವೇ ಎಂದು ಪೆನ್ನು ತೆಗೆದೆ. ನನ್ನ ತಿದ್ದುಪಡಿಯಿಂದ ಆದದ್ದು ಸಾಕು ಎಂದು ಮುಚ್ಚಿದೆ.

ಇಡೀ ಡೈರಿಯನ್ನೇ ಅವರಿಗೆ ಕೊಡುತ್ತೇನೆ ಎಂದು ಬೆಳಿಗ್ಗೆ ಅಪ್ಪ ಚಹಾಕ್ಕೆ ಕೂತಾಗ ಮೊದಲು ಅವನಿಗೇ ಹೇಳುತ್ತೇನೆ. ಬೇಕಾದರೆ ಓದಲಿ, ಒಂದು ಗಂಟೆ ಸಮಯ ಇರುತ್ತದೆ. ಬೈದರೆ ಬೈಯಲಿ. ಅಳದಿದ್ದರೆ ಸಾಕು.

ಹತ್ತಕ್ಕೆ ಗಂಟೆ ಬಾರಿಸಿದಾಗ ಬಾಗಿಲು ನಾನು ತೆಗೆಯುತ್ತೇನೆ.